ಗುಹೆಯೊಳಗೆ ನೀರಗಂಟಿಯ ಸರದಿ

ನನ್ನ ಕೆಲಸ ಏನೆಂದು ನನ್ನ ಅತ್ತೆಗೆ ಕೊನೆಯವರೆಗೂ ತಿಳಿಯಲಿಲ್ಲ. ಯಾರಾದರೂ ಕೇಳಿದರೆ, "ಅಕಿ ಹೊಸಪೇಟ್ಯಾಗ ಒಂದು ಆಫೀಸಿನ್ಯಾಗ ಕುಂತು ರಾಕ್ಷಸರಿಗೆ ಹೊಡಸ್ತಾಳ" ಎನ್ನುತ್ತಿದ್ದರು. ತಪ್ಪೇನೂ ಹೇಳುತ್ತಿರಲಿಲ್ಲ. ಈಗ ಇದೇ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ನನ್ನನ್ನು ಕಂಡಾಗಲೆಲ್ಲ, "ಮೇಡಂ, ಆಟ ಆಡಾಕ ಸಂಬಳ ಕೊಡ್ತಾರಂದ್ರ ಮಸ್ತ್ ಅಲ್ರಿ?" ಎಂದು ಕಣ್ಣರಳಿಸುತ್ತಾರೆ. ಮಸ್ತ್ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಅದೇ ಗುಹೆಯಲ್ಲಿ ಅದೇ ರಾಕ್ಷಸನ ಕೈಯಲ್ಲಿ ಮತ್ತೆ ಮತ್ತೆ ಸಾಯುವುದು, ಸತ್ತಮೇಲೆ ಎದ್ದು ಕೂತು ಯಾಕೆ ಸತ್ತೆವೆಂದು ವರದಿ ಬರೆಯುವುದು ನೀವಂದುಕೊಂಡಷ್ಟು ಸಲೀಸಲ್ಲ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ನನಗೆ ಸಿಕ್ಕ ಬಡ್ತಿಗಳ ವಿಷಯ ಇದರಲ್ಲಿಲ್ಲ. ಇದ್ದದ್ದೂ ಅಷ್ಟಕ್ಕಷ್ಟೆ.

ಆಟದ ಹೆಸರು 'ಗುಹೆ ಗದ್ದಲ'. ಮೇಜಿನ ಸುತ್ತ ನಾಲ್ಕರಿಂದ ಆರು ಜನ ಕೂರಬೇಕು. ಒಬ್ಬರು ಕಥೆ ಹೇಳುವವರು. ಗುಹೆ ಎಲ್ಲಿ ತಿರುಗುತ್ತದೆ, ಕತ್ತಲಲ್ಲಿ ಏನು ಗುರುಗುಟ್ಟುತ್ತಿದೆ, ಎಲ್ಲವೂ ಅವರ ಬಾಯಲ್ಲಿ. ಉಳಿದವರು ಒಂದೊಂದು ಕಸುಬು ಆರಿಸಿಕೊಂಡು ಗುಹೆಗೆ ಇಳಿಯುತ್ತಾರೆ. ಏಟು ಬಿತ್ತೋ ತಪ್ಪಿತೋ ದಾಳ ಹೇಳುತ್ತದೆ. ಒಬ್ಬೊಬ್ಬರಿಗೆ ಇಷ್ಟಿಷ್ಟು 'ಉಸಿರು' ಎಂದು ಕೊಟ್ಟಿರುತ್ತಾರೆ. ಏಟು ಬಿದ್ದ ಹಾಗೆ ಅದು ಕರಗುತ್ತದೆ, ಪೂರ್ತಿ ಕರಗಿದರೆ ನೀವು ಸತ್ತಂತೆ, ಎದ್ದು ಹೋಗಿ ಉಳಿದವರಿಗೆ ಚಹಾ ಮಾಡಬಹುದು. ಆಟವನ್ನು ಕೆಲವು ವರ್ಷಗಳಿಗೊಮ್ಮೆ ತಿದ್ದಿ ಹೊಸ ಆವೃತ್ತಿ ತರುತ್ತಿದ್ದರು. ಅಚ್ಚಿಗೆ ಹೋಗುವ ಮೊದಲು ಅದನ್ನು ಹೊಸಪೇಟೆ, ಸಂಡೂರು, ಹಂಪಿ, ಕಂಪ್ಲಿ ಕಡೆ ಹೊತ್ತೊಯ್ದು, ಜನರ ಜೊತೆ ಆಡಿಸಿ, ಯಾವ ಕಸುಬು ಕೊಬ್ಬಿದೆ, ಯಾವುದು ಕುಂಟುತ್ತಿದೆ ಎಂದು ನೋಡಿ ಬರುವುದೇ ನನ್ನ ಕೆಲಸ.

ಆಟ ಹುಟ್ಟಿಸಿದವರು ನಮ್ಮ ಯಜಮಾನರು ಗವಿಸಿದ್ದಪ್ಪ ಸಾಹೇಬರು. ಮೊದಲು ಸಂಡೂರಿನ ಗಣಿಯೊಂದರಲ್ಲಿ ಸೇಫ್ಟಿ ಆಫೀಸರ್ ಆಗಿದ್ದವರು. ಕಾರ್ಮಿಕರನ್ನು ಕೂರಿಸಿಕೊಂಡು ಸುರಕ್ಷತೆಯ ಭಾಷಣ ಶುರುಮಾಡಿದರೆ ಮುಂದಿನ ಸಾಲಿನವರೇ ಗೊರಕೆ ಹೊಡೆಯುತ್ತಿದ್ದರಂತೆ. ಒಂದು ದಿನ ಸಿಟ್ಟಿಗೆ, "ಆ ಗುಂಡಿ ಒಳಗ ಒಬ್ಬ ರಾಕ್ಷಸ ಅದಾನ" ಎಂದರಂತೆ. ಎಲ್ಲರೂ ಎದ್ದು ಕೂತರು. ಅಂದೇ ಆಟ ಹುಟ್ಟಿತು. ಗಣಿ ಬಿಟ್ಟ ಮೇಲೆ ಹೊಸಪೇಟೆಯಲ್ಲಿ ಒಂದು ಸಣ್ಣ ಪ್ರೆಸ್ ಹಾಕಿಕೊಂಡು ಪೆಟ್ಟಿಗೆ ಕಟ್ಟಿ ಮಾರತೊಡಗಿದರು. ಆದರೆ ಗಣಿ ಅವರನ್ನು ಬಿಡಲಿಲ್ಲ. ಮೊದಲ ಆವೃತ್ತಿಯ ಮೊದಲ ನಿಯಮವೇ ಹೀಗಿತ್ತು: ಹೆಲ್ಮೆಟ್ ಇಲ್ಲದೆ ಗುಹೆ ಹೊಕ್ಕವರ ಅರ್ಧ ಉಸಿರು ಬಾಗಿಲಲ್ಲೇ ಕಡಿತ. ರಾಕ್ಷಸನಿಗೂ ಇದು ಅನ್ವಯಿಸುತ್ತದೆಯೇ ಎಂದು ನಾನು ಕೇಳಿದೆ. ಸಾಹೇಬರು ಗಂಭೀರವಾಗಿ ಯೋಚಿಸಿ, "ಅಂವ ಪರ್ಮನೆಂಟ್ ಸ್ಟಾಫ್, ಅಂವಗ ಬ್ಯಾಡ" ಎಂದರು.

ಆ ಮೊದಲ ಆವೃತ್ತಿ ಮದುವೆ ಕಾರ್ಡಿನಷ್ಟು ತೆಳ್ಳಗಿತ್ತು. ಐದು ಕಸುಬು: ಪೈಲ್ವಾನ, ಮಾಟಗಾರ, ಕಳ್ಳ, ಪಂಡಿತ, ನೀರಗಂಟಿ. ಒಂದೊಂದಕ್ಕೂ ನಾಲ್ಕಾರು ಸಾಲು ವಿವರ, ಅಷ್ಟೆ. ಪೈಲ್ವಾನನ ಸರದಿ ಬಂದಾಗ ಅವನು ಹೇಳಬಹುದಾದ ಮಾತು ಒಂದೇ, "ಹೊಡೀತೀನಿ." ಕಳ್ಳನ ಕೆಲಸ ಗುಂಡಿ ಹುಡುಕುವುದು, ಮತ್ತು ಅವನು ಅದನ್ನು ಹುಡುಕುತ್ತಿದ್ದುದು ಅದರೊಳಗೆ ಬಿದ್ದು. ಪಂಡಿತ ಗಾಯಕ್ಕೆ ಔಷಧಿ ಹಚ್ಚುವವನು. ಯಾರಿಗೂ ಬೇಡವಾದ ಕಸುಬದು, ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಣ್ಣುವ ತಾಯಿಯ ಪಾಡು.

ಮಾಟಗಾರನ ಕಥೆ ಇನ್ನೂ ಚೆಂದ. ಅವನಿಗೆ ದಿನಕ್ಕೆ ಒಂದೇ ಮಂತ್ರ. ಉಸಿರೂ ಅಷ್ಟೇ ಕಡಿಮೆ, ಬೆಕ್ಕು ಪರಚಿದರೆ ಸಾಯುವಷ್ಟು. ಸಂಡೂರಿನ ಕ್ಲಬ್ಬಿನಲ್ಲಿ ಒಬ್ಬ ಕ್ರೇನ್ ಆಪರೇಟರ್ ಬಹಳ ಆಸೆಯಿಂದ ಮಾಟಗಾರನಾದ. ಗುಹೆಯ ಬಾಯಲ್ಲೇ ಒಂದು ಬಾವಲಿ ಹಾರಿತು. ಗಾಬರಿಯಲ್ಲಿ ಅದರ ಮೇಲೆ ಮಂತ್ರ ಬಿಟ್ಟ. ಬಾವಲಿ ಬೂದಿಯಾಯಿತು. "ಈಗ ನಾ ಏನ್ ಮಾಡ್ಲಿ ಮೇಡಂ?" ಎಂದು ಕೇಳಿದ. "ನಾಳೆ ಬೆಳಗಾಗೋತನಕ ಕಾಯ್ರಿ" ಎಂದೆ. ಎದ್ದು ಬಸ್ ಸ್ಟ್ಯಾಂಡಿಗೆ ಹೋಗಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು, ಪರಿಚಯದವರನ್ನು ಮಾತಾಡಿಸಿ, ಕೈ ಒರೆಸುತ್ತ ಬಂದು, "ಬೆಳಗಾತೇನ್ರಿ?" ಎಂದ. ಒಳಗೆ ಉಳಿದವರು ಅಷ್ಟರಲ್ಲಿ ಸತ್ತಿದ್ದರು. ನನ್ನ ವರದಿಯಲ್ಲಿ, 'ಮಾಟಗಾರ ಮಿರ್ಚಿ ತಿನ್ನುವಷ್ಟು ಬಿಡುವಾಗಿದ್ದಾನೆ' ಎಂದು ಬರೆದೆ. ಸಾಹೇಬರು ಅದನ್ನು ಗೋಡೆಗೆ ಅಂಟಿಸಿದರು.

ಒಂದು ವಿಷಯಕ್ಕೆ ಮಾತ್ರ ನಾನು ಅವರ ಜೊತೆ ನಗದೆ ಜಗಳವಾಡಿದೆ. ಕರಡಿನಲ್ಲಿ 'ಹುಟ್ಟು' ಎಂದೊಂದು ಪಟ್ಟಿ ಇತ್ತು. ಮೊದಲು ದಾಳ ಹಾಕಿ ಯಾವ ಕುಲದಲ್ಲಿ ಹುಟ್ಟಿದಿರೆಂದು ನೋಡಬೇಕು. ಬೆಟ್ಟದ ಕುಲವಾದರೆ ಪೈಲ್ವಾನ ಮಾತ್ರ, ಕೆಸರಿನ ಕುಲವಾದರೆ ಮಂತ್ರ ಮುಟ್ಟುವಂತಿಲ್ಲ, ಹೀಗೆ. ನಮ್ಮದು ಬೌದ್ಧ ಮನೆತನ. ಅಪ್ಪ ಯಾಕೆ ಬೌದ್ಧರಾದರೆಂದು ನಾನು ಯಾರಿಗೂ ವಿವರಿಸಬೇಕಾಗಿಲ್ಲ. "ಸಾಹೇಬ್ರ, ಹುಟ್ಟು ನೋಡಿ ಕಸುಬು ಕೊಡೋದನ್ನ ಬಿಟ್ಟು ಬರಾಕ ನಮ್ಮಪ್ಪಗ ಒಂದು ಜಲ್ಮ ಹಿಡೀತು. ನಾನು ದಾಳ ಹಾಕಿ ಮತ್ತ ಅದರಾಗ ಬೀಳಂಗಿಲ್ಲ" ಎಂದೆ. ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಅವರು ಪೆನ್ನು ತೆಗೆದು ಇಡೀ ಪಟ್ಟಿಗೆ ಗೀಟು ಹಾಕಿದರು. ಅದರ ಜಾಗದಲ್ಲಿ ಹೆಲ್ಮೆಟ್ಟಿನ ಚಿತ್ರ ಬಂತು.

ಇನ್ನು ಐದನೆಯವನು, ನೀರಗಂಟಿ. ಕಾಲುವೆಯ ಊರುಗಳವರಿಗೆ ಹೇಳಬೇಕಾಗಿಲ್ಲ. ತೂಬು ತೆಗೆದು ಮುಚ್ಚಿ, ಯಾರ ಗದ್ದೆಗೆ ಮೊದಲು, ಯಾರ ಗದ್ದೆಗೆ ಆಮೇಲೆ ಎಂದು ನೀರು ಹಂಚುವವನು. ಆಟದಲ್ಲಿ ಯಾರ ಸರದಿ ಯಾವಾಗ ಎಂಬುದು ದಾಳದ ಮೇಲೆ ನಿಂತಿರುತ್ತದೆ. ಆದರೆ ಗುಂಪಿನಲ್ಲಿ ನೀರಗಂಟಿ ಇದ್ದರೆ ಅದನ್ನು, ರಾಕ್ಷಸನ ಸರದಿಯನ್ನೂ ಸೇರಿಸಿ, ಅವನೇ ನಿರ್ಧರಿಸುತ್ತಾನೆ. ಅವನಿಗೆ ಕತ್ತಿಯಿಲ್ಲ, ಮಂತ್ರವಿಲ್ಲ, ಒಂದು ಗುದ್ದಲಿ ಮಾತ್ರ ಇದೆ. ಮತ್ತು ಅವನ ಸ್ವಂತ ಸರದಿ ಯಾವಾಗಲೂ ಎಲ್ಲರಿಗಿಂತ ಕೊನೆಗೆ. ತೂಬಿನ ಕೀಲಿ ಇದ್ದವನು ತಾನೇ ಮೊದಲು ಕುಡಿಯಬಾರದೆಂದು ಸಾಹೇಬರ ವಾದ. ಈ ಕಸುಬನ್ನು ಅವರು ಪುಟ ತುಂಬಿಸಲು ಸೇರಿಸಿದ್ದರೆಂದೇ ನನ್ನ ಅನುಮಾನ. ಹೊಸಪೇಟೆಯಲ್ಲಿ, ಸಂಡೂರಿನಲ್ಲಿ ಯಾರೂ ಅವನನ್ನು ಮೂಸಿ ನೋಡಲಿಲ್ಲ.

ನನ್ನ ತಂಗಿಯನ್ನು ಕಂಪ್ಲಿ ಹತ್ತಿರದ ಮೆಟ್ರಿಗೆ ಕೊಟ್ಟಿದೆ. ಆಟದ ಪೆಟ್ಟಿಗೆ ಹಿಡಿದು ಅಲ್ಲಿಗೆ ಹೋದೆ. ತಂಗಿಯ ನೆರೆಮನೆಯ ಹುಲಿಗೆಮ್ಮ ಗದ್ದೆಯಿಂದ ತಡವಾಗಿ ಬಂದಳು. ಅಷ್ಟರಲ್ಲಿ ಒಳ್ಳೊಳ್ಳೆಯ ಕಸುಬುಗಳೆಲ್ಲ ಮುಗಿದಿದ್ದವು. "ಉಳಿದಿದ್ದೇನೈತಿ?" ಎಂದಳು. ನೀರಗಂಟಿ ಎಂದೆ. ಎಲ್ಲರೂ ಗೊಳ್ಳೆಂದು ನಕ್ಕರು. ಅವಳ ಗದ್ದೆ ಕಾಲುವೆಯ ಕಟ್ಟಕಡೆಗಿತ್ತು. ನಿಜವಾದ ನೀರಗಂಟಿಯ ಜೊತೆ ಅವಳು ಜಗಳವಾಡದ ಬೆಳೆಯೇ ಇರಲಿಲ್ಲ. "ನಗ್ರಿ ನಗ್ರಿ. ಇಷ್ಟು ವರ್ಷ ಅವನ ಮುಂದ ನಿಂತು ಬೇಡೀನಿ. ಒಂದಿನ ನಾನಾ ಆಗಿ ನೋಡ್ತೀನಿ" ಎಂದು ಸೆರಗು ಸಿಕ್ಕಿಸಿ ಕೂತಳು.

ಗುಹೆಯ ಕೊನೆಯಲ್ಲಿ ಬೆಂಕಿಯುಗುಳುವ ರಾಕ್ಷಸ. ಒಮ್ಮೆ ಉಗುಳಿದರೆ ಮತ್ತೆ ಬೆಂಕಿ ತುಂಬಿಕೊಳ್ಳಲು ಅವನಿಗೆ ಒಂದು ಸುತ್ತು ಬೇಕು. ನಮ್ಮವರೆಲ್ಲ ಮುಚ್ಚಿದ ಕಲ್ಲಿನ ಬಾಗಿಲ ಈಚೆ ಇದ್ದರು. ಯಾರು ಮೊದಲು ಎಂದು ಕೇಳಿದೆ.

"ಮೊದಲು ರಾಕ್ಷಸ" ಎಂದಳು ಹುಲಿಗೆಮ್ಮ.

ತಂಗಿ ಅವಳ ತೊಡೆಗೆ ಗುದ್ದಿದಳು. "ಏ ಹುಚ್ಚಿ, ಅವಗ ಯಾಕ ಕೊಡ್ತೀಯ?"

"ಬಾಗಲಾ ಮುಚ್ಚೈತಲ್ಲ. ಕೊಯ್ಲಿಗೆ ಬಂದ ಗದ್ದಿಗೆ ನೀರು ಬಿಟ್ರ ಏನಾಗ್ತೈತಿ? ಬ್ಯಾಡಾದಾಗ ಕೊಟ್ರ ಅದು ಕೊಟ್ಟಂಗಲ್ಲ. ಉಗುಳ್ಲಿ ಅಂವ, ಬಾಗಲಕ್ಕ ಉಗುಳ್ಲಿ."

ರಾಕ್ಷಸ ಬಾಗಿಲಿಗೆ ಉಗುಳಿದ. ಅವನ ಸರದಿ ಮುಗಿಯಿತು. ಆಮೇಲೆ ಬಾಗಿಲು ತೆರೆದು ಎಲ್ಲರೂ ಒಳಗೆ ನುಗ್ಗಿ, ಏದುಸಿರು ಬಿಡುತ್ತಿದ್ದ ಅವನನ್ನು ಚಚ್ಚಿ ಹಾಕಿದರು. ನಾನು ಆ ರಾಕ್ಷಸನನ್ನು ಅಷ್ಟು ಊರುಗಳಲ್ಲಿ ಆಡಿಸಿದ್ದೆ, ಅವನು ಸತ್ತದ್ದು ಅದೇ ಮೊದಲು. ಹುಲಿಗೆಮ್ಮನೇನು ಸಾಧ್ವಿ ಎಂದುಕೊಳ್ಳಬೇಡಿ. ದಾಳವನ್ನು ಮಡಿಲಲ್ಲಿ ಹಾಕಿಕೊಂಡು, ಯಾರಿಗೂ ತೋರಿಸದೆ "ಆರು" ಎನ್ನುವ ಹೆಂಗಸು. ಬೇಡದವರ ಸರದಿಯನ್ನು ಹಿಂದಕ್ಕೆ ಹಾಕುವಾಗ ಅವಳ ಮುಖದ ಸುಖ ನೋಡಬೇಕಿತ್ತು. ತಂಗಿಯ ಗಂಡ ಹಿಂದಿನ ವಾರ ಅವಳ ಕೋಳಿಯನ್ನು ಅಟ್ಟಿದ್ದನಂತೆ, ಅಂದು ಸಂಜೆಯಿಡೀ ಅವನಿಗೆ ಸರದಿಯೇ ಮೇಲೆ ಬರಲಿಲ್ಲ. ಆದರೆ ಪ್ರತಿ ಸುತ್ತಿನಲ್ಲೂ ಹಂಚಿ ಮುಗಿದ ಮೇಲೆ ಕೊನೆಯಲ್ಲಿ ಅವಳ ಸರದಿ ಬರುವಷ್ಟರಲ್ಲಿ ಮಾಡಲು ಏನೂ ಉಳಿದಿರುತ್ತಿರಲಿಲ್ಲ. ಅವಳು ಗುದ್ದಲಿ ಎತ್ತಿ ಇಳಿಸುತ್ತಿದ್ದಳು, ಅಷ್ಟೆ.

ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಬಂದೆ. ಆಮೇಲಿಂದ ಮೆಟ್ರಿಯ ಆ ಮನೆಯಲ್ಲಿ ಆಟ ನಿಲ್ಲಲೇ ಇಲ್ಲ. ನೀರಗಂಟಿ ಎಂದರೆ ಹುಲಿಗೆಮ್ಮ, ಬೇರೆಯವರು ಕೇಳುವಂತೆಯೇ ಇಲ್ಲ.

ಎರಡನೆಯ ಆವೃತ್ತಿಯ ಹೊತ್ತಿಗೆ ಸಾಹೇಬರಿಗೆ ಜನಾಭಿಪ್ರಾಯದ ಹುಚ್ಚು ಹಿಡಿದಿತ್ತು. ಯಾರು ಏನು ಕೇಳಿದರೂ ಸೇರಿಸಿದರು. ಪೈಲ್ವಾನನಲ್ಲೇ ಗರಡಿ ಪೈಲ್ವಾನ, ಗದೆ ಪೈಲ್ವಾನ, ಸಿಟ್ಟಿನ ಪೈಲ್ವಾನ, ನಿವೃತ್ತ ಪೈಲ್ವಾನ. ಮಾಟಗಾರನಿಗೆ ಮಂತ್ರಗಳ ಹೊರೆ. ಒಬ್ಬನ ಕಸುಬು ಪಕ್ಕಾ ಮಾಡಿಕೊಳ್ಳುವಷ್ಟರಲ್ಲಿ ಒಂದು ಭಾನುವಾರ ಮುಗಿಯುತ್ತಿತ್ತು. ಪುಸ್ತಕ ಎಷ್ಟು ದಪ್ಪವಾಯಿತೆಂದರೆ ನಮ್ಮ ಅತ್ತೆ ಅದನ್ನು ಉಪ್ಪಿನಕಾಯಿ ಜಾಡಿಯ ಮೇಲೆ ಭಾರಕ್ಕಿಟ್ಟುಕೊಂಡರು. ನನಗೆ ತಿಳಿದ ಮಟ್ಟಿಗೆ ಆ ಆವೃತ್ತಿಯ ಅತ್ಯುತ್ತಮ ಉಪಯೋಗ ಅದೇ.

ಸಂಡೂರಿನವರ ಒತ್ತಾಯಕ್ಕೆ 'ಬ್ಲಾಸ್ಟರ್' ಎಂಬ ಕಸುಬೂ ಬಂತು, ಸಿಡಿಮದ್ದು ಇಡುವವನು. ಸಂಡೂರಿನಲ್ಲಿ ಆಡಿಸಿದಾಗ ಅದ್ಭುತವಾಗಿತ್ತು. ಆಡಿದವರೆಲ್ಲ ಗಣಿಯವರು. ಮದ್ದು ಇಟ್ಟವನು ಬಾಯಲ್ಲೇ ಸೈರನ್ ಕೂಗುತ್ತಿದ್ದ, ಉಳಿದವರು ಹೇಳಿಸಿಕೊಳ್ಳದೆ ಗುಹೆಯಿಂದ ದೂರ ಓಡುತ್ತಿದ್ದರು. ಅದನ್ನೇ ಹಂಪಿಗೆ ಒಯ್ದೆ. ಹಂಪಿ ಬಜಾರಿನ ಹಿಂದಿನ ಒಂದು ಗೆಸ್ಟ್ ಹೌಸಿನಲ್ಲಿ ಪ್ರವಾಸಿಗಳ ಗುಂಪು. ಅವರಲ್ಲಿ ಒಬ್ಬಳು ಬ್ಲಾಸ್ಟರ್ ಆದಳು. ಮೊದಲ ಸರದಿಯಲ್ಲೇ ಮದ್ದಿಗೆ ಕಿಡಿ ತಾಗಿಸಿದಳು. ಯಾರೂ ಓಡಲಿಲ್ಲ, ಓಡಬೇಕೆಂದು ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಗುಹೆ, ರಾಕ್ಷಸ, ಗುಂಪು, ಎಲ್ಲ ಒಟ್ಟಿಗೆ ಮುಗಿಯಿತು. ಗಂಟೆಗಟ್ಟಲೆ ಕೂತು ಕಸುಬು ತಯಾರಿಸಿದ್ದರು ಪಾಪ, ಆಟ ಒಂದು ಸೀನು ಸೀನುವಷ್ಟು ಹೊತ್ತು ನಡೆಯಿತು. "ಆಮೇಲೇನು?" ಎಂದು ಕೇಳಿದರು. ಆಮೇಲೆ ಹೊಳೆ ಕಡೆ ಹೋಗಿ ಸೂರ್ಯಾಸ್ತ ನೋಡಿ ಎಂದೆ. ಸೇಫ್ಟಿ ಆಫೀಸರರ ಆಟದಲ್ಲೇ ಸುರಕ್ಷತೆಯ ಸಾಲು ಬಿಟ್ಟುಹೋಗಿದ್ದಕ್ಕೆ ಸಾಹೇಬರು ಎರಡು ದಿನ ಆಫೀಸಿಗೆ ಬರಲಿಲ್ಲ.

ನೀರಗಂಟಿಗೂ ಆ ಆವೃತ್ತಿಯಲ್ಲಿ ಮೈತುಂಬ ಬಟ್ಟೆ ತೊಡಿಸಿದ್ದರು. ಸರದಿ ಬದಲಿಸಲು ತೂಬಿನ ಅಗಲ, ನೀರಿನ ರಭಸ, ಕಾಲುವೆಯ ಇಳಿಜಾರು ಎಲ್ಲ ಗುಣಿಸಿ ಭಾಗಿಸಬೇಕು. ಹುಲಿಗೆಮ್ಮ ಸ್ವಲ್ಪ ಹೊತ್ತು ಓದಿಸಿಕೊಂಡು ಕೇಳಿದಳು. "ಅಕ್ಕಾರ, ಇದು ಮುಗಿಯೋದ್ರಾಗ ರಾಕ್ಷಸಗ ವಯಸ್ಸಾಗಿ ತಾನಾ ಸಾಯ್ತಾನ. ಹಳೇ ಪೆಟ್ಟಿಗಿ ತಗೀರಿ" ಎಂದಳು.

ಮೂರನೆಯ ಆವೃತ್ತಿಗೆ ಪ್ರವೀಣ ಬಂದ. ಹೊಸಪೇಟೆಯವನೇ, ಎಂಜಿನಿಯರಿಂಗ್ ಓದಿದವನು, ಒಂದು ಉಕ್ಕಿನ ಕಾರ್ಖಾನೆಯಲ್ಲಿ ಕೆಲಕಾಲವಿದ್ದು ಬಿಟ್ಟು ಬಂದಿದ್ದ. ಬಾಯಿ ತೆರೆದರೆ 'ಬ್ಯಾಲೆನ್ಸ್' ಎನ್ನುತ್ತಿದ್ದ. ಯಾವ ಕಸುಬೂ ಹೆಚ್ಚಲ್ಲ, ಯಾವುದೂ ಕಡಿಮೆಯಲ್ಲ, ಎಲ್ಲವನ್ನೂ ಒಂದೇ ಅಚ್ಚಿಗೆ ಹಾಕಬೇಕು ಎಂದ. ಹಾಕಿಯೇ ಬಿಟ್ಟ. ಪ್ರತಿಯೊಬ್ಬರಿಗೂ ಪ್ರತಿ ಸರದಿಗೆ ಒಂದು ಸಣ್ಣ ಪಟ್ಟು, ಕಾಳಗಕ್ಕೊಂದು ದೊಡ್ಡ ಪಟ್ಟು, ದಿನಕ್ಕೊಂದು ಮಹಾಪಟ್ಟು. ಅವನಿಗೆ ಸಲ್ಲಬೇಕಾದ್ದು ಸಲ್ಲಲಿ: ಮಾಟಗಾರ ಮಿರ್ಚಿ ತಿನ್ನಲು ಎದ್ದು ಹೋಗುವುದು ನಿಂತಿತು. ಪಂಡಿತ ಔಷಧಿ ಹಚ್ಚುತ್ತಲೇ ಶತ್ರುವಿಗೆ ಒಂದು ಬಾರಿಸಬಹುದಾಯಿತು, ನನ್ನ ತಂಗಿಗೆ ಅದು ತುಂಬ ಹಿಡಿಸಿತು. ಸುಮ್ಮನೆ ಕೂರುವವರು ಯಾರೂ ಉಳಿಯಲಿಲ್ಲ.

ಆದರೆ ಪೈಲ್ವಾನ ಕತ್ತಿಯಿಂದ ಹೊಡೆದು ಶತ್ರುವನ್ನು ಗುಹೆಯ ನಕ್ಷೆಯ ಮೇಲೆ ಒಂದು ಮನೆ, ಅಂದರೆ ಒಂದು ಚೌಕ, ಹಿಂದೆ ತಳ್ಳುತ್ತಿದ್ದ. ಮಾಟಗಾರ ಗಾಳಿಯಿಂದ ಹೊಡೆದು ಒಂದು ಮನೆ ಹಿಂದೆ ತಳ್ಳುತ್ತಿದ್ದ. ಪಂಡಿತ ಕಷಾಯ ಎರಚಿ ಒಂದು ಮನೆ ಹಿಂದೆ ತಳ್ಳುತ್ತಿದ್ದ. ಹಂಪಿಯಲ್ಲಿ ಆಡಿಸಿದೆ. ಯಾರೂ ಸಾಯಲಿಲ್ಲ, ಯಾರೂ ಜಗಳವಾಡಲಿಲ್ಲ, ಯಾರೂ ನಗಲೂ ಇಲ್ಲ. ರಾಕ್ಷಸನನ್ನು ಎಲ್ಲರೂ ಸೇರಿ ಒಂದೊಂದೇ ಮನೆ ತಳ್ಳುತ್ತ ಗುಹೆಯ ಆಚೆ ಬಾಗಿಲಿಂದ ಹೊರಗೆ ಕಳಿಸಿಬಿಟ್ಟರು. ಕೆಟ್ಟು ನಿಂತ ಕಾರನ್ನು ತಳ್ಳಿದ ಹಾಗಿತ್ತು. ಅಷ್ಟು ಕಸುಬುಗಳಲ್ಲಿ ವ್ಯತ್ಯಾಸ ಏನೆಂದು ಒಬ್ಬ ಪ್ರವಾಸಿ ಕೇಳಿದ. ಕಾರ್ಡಿನ ಬಣ್ಣ ಬೇರೆ ಎಂದೆ.

ಮೆಟ್ರಿಯಲ್ಲಿ ಹುಲಿಗೆಮ್ಮ ತನ್ನ ಕಾರ್ಡು ಕೈಗೆ ತೆಗೆದುಕೊಂಡಳು. ಹೊಸ ನೀರಗಂಟಿ ನೀರು ಚಿಮ್ಮಿಸಿ ಶತ್ರುವನ್ನು ಒಂದು ಮನೆ ಹಿಂದೆ ತಳ್ಳುತ್ತಾನೆ. ಸರದಿಯ ಮಾತೇ ಇಲ್ಲ.

"ಇದೇನ್ರಿ ಅಕ್ಕಾರ? ಸರದಿ ಎಲ್ಲಿ ಹೋತು?"

"ತಗದಾರ. ಈಗ ನೀರು ಎರಚಬೇಕು."

"ನೀರು ಎರಚಾಕ ನಾನೇನು ಓಕುಳಿ ಆಡಾಕ ಬಂದೀನೇನ್ರಿ?" ಎಂದು ಕಾರ್ಡನ್ನು ಮಡಚಿ ಅಲುಗುತ್ತಿದ್ದ ಮಣೆಯ ಕಾಲಿನ ಕೆಳಗೆ ಇಟ್ಟಳು. ಹಳೇ ಪೆಟ್ಟಿಗೆ ಮತ್ತೆ ಹೊರಬಂತು. ಅದರ ಮೂಲೆಗಳಿಗೆ ಅಷ್ಟರಲ್ಲಿ ಸೀರೆಯ ಅಂಚು ಕತ್ತರಿಸಿ ಹೊಲಿಗೆ ಹಾಕಿದ್ದರು.

ನಾಲ್ಕನೆಯ ಆವೃತ್ತಿಯ ಹೊತ್ತಿಗೆ ನನ್ನ ನಿವೃತ್ತಿ ಹತ್ತಿರ ಬಂದಿತ್ತು. ಸಾಹೇಬರಿಗೂ ವಯಸ್ಸಾಗಿತ್ತು. ಮತ್ತೆ ಮೊದಲಿನ ಹಾಗೆ ತೆಳ್ಳಗೆ ಮಾಡೋಣ ಎಂದರು, ನನಗೆ ಸಂತೋಷವಾಯಿತು. ಪೈಲ್ವಾನನಿಗೆ ಒಂದೆರಡು ಪಟ್ಟು, ಮಾಟಗಾರನಿಗೆ ಮುಗಿಯದ ಸಣ್ಣ ಮಂತ್ರ ಒಂದು, ಎಲ್ಲ ಚೆನ್ನಾಗಿಯೇ ಇತ್ತು. ಕರಡಿನ ಕೊನೆಗೆ ಬಂದಾಗ ಕಸುಬುಗಳು ನಾಲ್ಕೇ ಇದ್ದವು.

"ನೀರಗಂಟಿ?" ಎಂದೆ.

ಪ್ರವೀಣ ಮೆಲ್ಲಗೆ ಹೇಳಿದ. "ಮೇಡಂ, ಸಿಟಿ ಕಡೆ ಆಡೋರಿಗೆ ನೀರಗಂಟಿ ಅಂದ್ರ ಯಾರು ಅಂತಾನ ಗೊತ್ತಿಲ್ರಿ. ಮೆಟ್ರಿ ಬಿಟ್ರ ಎಲ್ಲೂ ಯಾರೂ ಅದನ್ನ ಆಡಂಗಿಲ್ಲ. ಹಳೇ ಪೆಟ್ಟಿಗಿನೂ ಇನ್ನ ಅಚ್ಚು ಹಾಕಂಗಿಲ್ಲ."

ಅವನ ಮಾತು ಸುಳ್ಳಲ್ಲ. ಆದರೆ ನನ್ನ ಕಣ್ಣೆದುರಿಗೆ ಬಂದದ್ದು ಸೀರೆ ಅಂಚಿನ ಹೊಲಿಗೆಯ ಆ ಪೆಟ್ಟಿಗೆ. ಅದು ಇನ್ನೆಷ್ಟು ದಿನ ಬಂದೀತು? ಹರಿದುಹೋದ ದಿನ ಹುಲಿಗೆಮ್ಮ ಮತ್ತೆ ಬರೀ ಕಾಲುವೆ ಕೊನೆಯ ಹುಲಿಗೆಮ್ಮನಾಗುತ್ತಾಳೆ. ಕರಡನ್ನು ಮೇಜಿನ ಮೇಲಿಟ್ಟೆ. "ತಗೀರಿ ಬೇಕಾದ್ರ. ಆದ್ರ ತಗಿಯೋಕಿಂತ ಮೊದಲು ಇಬ್ರೂ ಮೆಟ್ರಿಗೆ ಬಂದು ಒಂದು ಸಲ ಆಡ್ರಿ. ಇದು ನನ್ನ ಕಡೀ ವರದಿ ಅಂತ ತಿಳೀರಿ" ಎಂದೆ. ಸಾಹೇಬರು ಪ್ರವೀಣನ ಮುಖ ನೋಡಿದರು. ಒಂದು ಸಲ ನೀರಗಂಟಿ ಇಲ್ಲದೆ, ಒಂದು ಸಲ ಇಟ್ಟುಕೊಂಡು ಆಡುವುದು, ವ್ಯತ್ಯಾಸ ಕಾಣದಿದ್ದರೆ ತೆಗೆಯುವುದು ಎಂದು ಒಪ್ಪಂದವಾಯಿತು.

ಭಾನುವಾರ ಮಧ್ಯಾಹ್ನ ತಂಗಿಯ ಮನೆಯ ಕಟ್ಟೆಯ ಮೇಲೆ ಕೂತೆವು. ನಾನು ಕಥೆ ಹೇಳುವವಳು. ಸಾಹೇಬರು ಪೈಲ್ವಾನ, ಪ್ರವೀಣ ಮಾಟಗಾರ, ತಂಗಿ ಪಂಡಿತೆ. ಮೊದಲ ಆಟಕ್ಕೆ ಹುಲಿಗೆಮ್ಮ ಕೈಕಟ್ಟಿ ಪಕ್ಕದಲ್ಲಿ ಕೂತಳು, ಅಷ್ಟು ಹೊತ್ತು ಅವಳು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ. ಸರದಿ ದಾಳದ ಪ್ರಕಾರ ನಡೆಯಿತು. ಸಾಹೇಬರಿಗೆ ಮೊದಲ ಸರದಿ ಬಿತ್ತು. ಇಕ್ಕಟ್ಟಾದ ಸುರಂಗದೊಳಗೆ ಕತ್ತಿ ಬೀಸುತ್ತ ನುಗ್ಗಿದರು. ಎರಡನೆಯ ಸರದಿ ಪ್ರವೀಣನದು, ಹಿಂದಿನಿಂದ ಬೆಂಕಿಯ ಮಂತ್ರ ಬಿಟ್ಟ. ಬೆಂಕಿಗೂ ರಾಕ್ಷಸನಿಗೂ ಮಧ್ಯೆ ಸಾಹೇಬರಿದ್ದರು.

"ಲೇ! ಹಿಂದ ಬೆಂಕಿ ಹಚ್ಚೋಕಿಂತ ಮೊದಲು ಕೂಗಬೇಕಂತ ಗೊತ್ತಿಲ್ಲೇನ ನಿನಗ?" ಎಂದು ಸಾಹೇಬರು ಕಿರುಚಿದರು.

"ಸರ್, ನೀವು ಹೆಲ್ಮೆಟ್ ಹಾಕೀರಲ್ರಿ" ಎಂದ ಪ್ರವೀಣ.

ಉಳಿದಿಬ್ಬರನ್ನು ರಾಕ್ಷಸ ನಿಧಾನವಾಗಿ ಮುಗಿಸಿದ.

ಎರಡನೆಯ ಆಟಕ್ಕೆ ಹುಲಿಗೆಮ್ಮ ಸೆರಗು ಸಿಕ್ಕಿಸಿ ನಡುವೆ ಬಂದು ಕೂತಳು. ರಾಕ್ಷಸ ಎಚ್ಚರವಾಗಿದ್ದ, ಹಿಂದೊಮ್ಮೆ ಅವಳು ಬೆಂಕಿ ಉಗುಳಿಸಿದಂಥ ಬಾಗಿಲೂ ಇರಲಿಲ್ಲ. ಸಾಹೇಬರು ಕತ್ತಿ ಹಿಡಿದು ಸಜ್ಜಾದರು.

"ಸಾಹೇಬ್ರ, ನೀವು ಕುಂದ್ರಿ" ಎಂದಳು.

"ನಾನು ಪೈಲ್ವಾನ! ನಾ ಮೊದಲು ಹೊಡೀಬೇಕು!"

"ಅದಾ ತಪ್ಪಾಗಿದ್ದು. ನೀವು ಮೊದಲು ನುಗ್ಗೋದಂದ್ರ ಮ್ಯಾಲಿನ ಹೊಲದವ್ರು ತೂಬು ಕಿತ್ತಂಗ. ಎಲ್ಲಾ ನೀವಾ ಕುಡೀತೀರಿ, ಹಿಂದಿನವ್ರಿಗೆ ಬರೇ ಕೆಸರು. ಕುಂದ್ರಿ ಸುಮ್ಮಕ."

ಸಾಹೇಬರು ಕೂತರು. ಮುಖ ಕೆಂಪಾಗಿತ್ತು. ಹುಲಿಗೆಮ್ಮ ಮೊದಲು ಪಂಡಿತೆಯನ್ನು ಬಿಟ್ಟಳು, ತಂಗಿ ಪೈಲ್ವಾನನಿಗೆ ಶಕ್ತಿಯ ಲೇಹ್ಯ ತಿನ್ನಿಸಿದಳು. ಆಮೇಲೆ ಮಾಟಗಾರ, ರಾಕ್ಷಸನ ಕಣ್ಣಿಗೆ ಹೊಗೆ ತುಂಬಿದ. ಆಮೇಲೆ ರಾಕ್ಷಸ, ಹೊಗೆಯಲ್ಲಿ ಕಾಣದೆ ಬಂಡೆಗೆ ಗುದ್ದಿ ಕೈ ಮುರಿದುಕೊಂಡ. "ಈಗ ಬರ್ರಿ ಸಾಹೇಬ್ರ" ಎಂದಳು. ಅಷ್ಟು ಹೊತ್ತು ಕುದ್ದಿದ್ದ ಸಾಹೇಬರು ದಾಳ ಎಸೆದ ರಭಸಕ್ಕೆ ಅದು ಚಹಾದ ಲೋಟದೊಳಗೆ ಬಿತ್ತು. ಬಗ್ಗಿ ನೋಡಿದೆವು. ಆರು. ಒಂದೇ ಏಟಿಗೆ ರಾಕ್ಷಸ ಉರುಳಿದ. ಸಾಹೇಬರು ಎದ್ದು ಕುಣಿದರು. ನಾನು ಅವರನ್ನು ಅಷ್ಟು ವರ್ಷ ಕಂಡಿದ್ದೇನೆ, ಎತ್ತರದ ಕಟ್ಟೆಯ ಅಂಚು ನೋಡದೆ ಅವರು ಹೆಜ್ಜೆಯಿಟ್ಟದ್ದು ಅದೇ ಮೊದಲು.

ಕುಣಿದು ಸುಸ್ತಾಗಿ ಕೂತ ಮೇಲೆ ಅವರಿಗೆ ಹೊಳೆಯಿತು. "ಹುಲಿಗೆಮ್ಮ, ನಿನ್ನ ಸರದಿ ಬರೋದ್ರಾಗ ಆಟಾನ ಮುಗೀತಲ್ಲ!"

"ಅದು ಯಾವಾಗ್ಲೂ ಹಂಗಾರಿ. ನೀರಗಂಟಿ ಕಡೀಕ ಅಂತ ನೀವಾ ಬರದೀರಲ್ಲ" ಎಂದು ಅವಳು ಲೋಟ ಎತ್ತಿಕೊಂಡು ತೊಳೆಯಲು ಹೋದಳು.

ಸಂಜೆ ಹೊರಡುವಾಗ ಹುಲಿಗೆಮ್ಮನ ಜೊತೆ ಅವಳ ಗದ್ದೆಯ ದಾರಿಯಲ್ಲೇ ಬಂದೆವು. ಮೇಲಿನ ಗದ್ದೆಗಳು ನೀರು ತುಂಬಿ ಹೊಳೆಯುತ್ತಿದ್ದವು. ಅವಳ ಗದ್ದೆಯ ತಲೆಗೆ ಬರುವ ಕಾಲುವೆಯಲ್ಲಿ ಒಂದು ಕಪ್ಪೆ ಒಣ ಮಣ್ಣಿನ ಮೇಲೆ ಕೂತು ನಮ್ಮನ್ನೇ ನೋಡುತ್ತಿತ್ತು. ಇಂದು ಯಾರ ಸರದಿ ಎಂದು ಪ್ರವೀಣ ಕೇಳಿದ. "ಇವತ್ತು ನಮ್ದಾ. ಅಂದ್ರ ನಾಳೆ ಬರಬೌದು" ಎಂದು ನಕ್ಕಳು ಹುಲಿಗೆಮ್ಮ. ಸಾಹೇಬರು ನಗಲಿಲ್ಲ. ಜೀಪು ಹೊಸಪೇಟೆ ದಾರಿ ಹಿಡಿಯಿತು. ಆಮೇಲೆ ಹಿಂದಿನ ಸೀಟಿನಿಂದ ಪ್ರವೀಣ, "ಸರ್, ಇರ್ಲಿ ಬಿಡ್ರಿ ನೀರಗಂಟಿ. ಒಂದು ಸಾಲು ನಾನು ಸೇರಿಸ್ಲೇನ್ರಿ?" ಎಂದ. ಬ್ಯಾಲೆನ್ಸ್ ಎಂಬ ಶಬ್ದವನ್ನು ಅವನು ಅಂದು ಆಡಲಿಲ್ಲ.

ನಾಲ್ಕನೆಯ ಆವೃತ್ತಿ ಹೊರಬರುವಾಗ ನಾನು ಮನೆಯಲ್ಲಿದ್ದೆ, ನಿವೃತ್ತಳು. ಯಾವ ಆವೃತ್ತಿ ಒಳ್ಳೆಯದು ಎಂದು ಕೇಳುವ ಹೊಸಬರಿಗೆ ನನ್ನ ಉತ್ತರ ಇಷ್ಟೇ. ಕಸುಬು ಎಷ್ಟು ಬಲವಾಗಿದೆ ಎಂದು ಅಳೆಯಲು ಯಾರಿಗಾದರೂ ಬರುತ್ತದೆ. ಅದನ್ನು ಹಿಡಿದು ಕೂತವರು ಮನೆಯಲ್ಲಿ ಯಾರು, ಆಟದಲ್ಲಿ ಯಾರಾಗಲು ಬಂದಿದ್ದಾರೆ ಎಂದು ನೋಡಿ. ಅದಕ್ಕೆ ಮೇಜು ಬಿಟ್ಟು ಎದ್ದು ಹೋಗಬೇಕಾಗುತ್ತದೆ, ಬಸ್ಸು ಹತ್ತಬೇಕಾಗುತ್ತದೆ.

ಹೊಸ ಪೆಟ್ಟಿಗೆಯನ್ನು ಮೆಟ್ರಿಗೆ ನಾನೇ ಒಯ್ದೆ. ಸಾಹೇಬರು, ಪ್ರವೀಣ ಇಬ್ಬರೂ ಕರೆಯದೆಯೇ ಜೊತೆಗೆ ಬಂದರು. ಆಟ ಶುರುವಾಯಿತು, ಗುಹೆ ಇಳಿದೆವು, ಕೊನೆಯಲ್ಲಿ ರಾಕ್ಷಸ ಬಾಯಿ ತೆರೆದು ನಿಂತ. ಆಗ ಪ್ರವೀಣ ನೀರಗಂಟಿಯ ಪುಟದ ಕೊನೆಯ ಸಾಲು ಓದಿ ಹೇಳಿದ. ಇಡೀ ಆಟದಲ್ಲಿ ಒಂದೇ ಒಂದು ಸಲ, ತನಗೆ ಬೇಕೆನಿಸಿದಾಗ, ನೀರಗಂಟಿ ಎಲ್ಲರಿಗಿಂತ ಮೊದಲ ಸರದಿ ತಾನೇ ತೆಗೆದುಕೊಳ್ಳಬಹುದು. ಆ ಸರದಿ ಮುಗಿಯುವವರೆಗೆ ಉಳಿದವರು ಯಾರೂ ಅಲುಗಾಡುವಂತಿಲ್ಲ.

ಹುಲಿಗೆಮ್ಮ ಅವನಿಂದ ಅದನ್ನು ಮತ್ತೊಮ್ಮೆ ಓದಿಸಿದಳು. "ಅಂದ್ರ ಈಗ ನಂದಾ ಫಸ್ಟು?"

"ನಿಮ್ದಾರಿ."

"ಸಾಹೇಬ್ರೂ ಅಲುಗಾಡಂಗಿಲ್ಲ?"

"ಅಲುಗಾಡಂಗಿಲ್ಲ" ಎಂದರು ಸಾಹೇಬರು.

"ರಾಕ್ಷಸ?"

"ಅವನೂ ಅಲುಗಾಡಂಗಿಲ್ಲ" ಎಂದೆ ನಾನು.

ಅವಳು ದಾಳ ಮುಟ್ಟಲಿಲ್ಲ. ನಿಧಾನವಾಗಿ ಎದ್ದು, ಸೀರೆಯ ನಿರಿಗೆ ಸರಿಮಾಡಿಕೊಂಡು, ಚಪ್ಪಲಿ ಮೆಟ್ಟಿದಳು.

"ಹಂಗಾದ್ರ ಗದ್ದಿ ಕಡೆ ಒಂದು ಸುತ್ತು ಹಾಕಿ, ಬಂದು ಚಾ ಕುಡಿದು, ಆಮ್ಯಾಲ ಹೊಡೀತೀನಿ. ಕಾಯಾಕ ಹೇಳ್ರಿ ಅವಗ. ನಾನೇನು ಕಡಿಮಿ ಕಾದೀನೇನು?"

ಕಾಲುವೆಯ ದಂಡೆ ಹಿಡಿದು ಅವಳು ಹೋಗುತ್ತಿರುವುದು ಕಟ್ಟೆಯ ಮೇಲಿಂದ ಕಾಣುತ್ತಿತ್ತು, ಒಂದಿಷ್ಟೂ ಅವಸರವಿರಲಿಲ್ಲ. ಪೈಲ್ವಾನ, ಮಾಟಗಾರ, ಪಂಡಿತೆ, ಬಾಯಿ ತೆರೆದುಕೊಂಡ ರಾಕ್ಷಸ, ಎಲ್ಲರೂ ಕೈಕಟ್ಟಿ ಕಾಯುತ್ತ ಕೂತೆವು.